ಹಿಡಿ ಅಂದ್ಯಾ, ಬಿಡು ಅಂದ್ಯಾ

...ಅಲ್ಲಲ್ಲ, ಕಿಟಕಿಗೆ ಬೆನ್ನು ಹಾಕಿ ಕೂರಬೇಡ ಮಾರಾಯ. ಈ ಕಡೆ ಬಾ. ಆ ಸ್ಟೂಲು ಎಳ್ಕೋ. ಹೂಂ, ಹಾಗೆ. ಮುಖಕ್ಕೆ ಬೆಳಕು ಬೀಳ್ಲಿ. ಹೆಂಡತಿಯ ತಮ್ಮ ಅಪರೂಪಕ್ಕೆ ಮನೆಗೆ ಬಂದಿದ್ದಾನೆ, ಮುಖ ನೋಡೋದು ಬೇಡ್ವಾ? ಈಗ ಹೇಳು. ಬಾಗಿಲಲ್ಲೇ ಏನೋ ಶುರು ಮಾಡಿದ್ದೆ.

ಹಗ್ಗದ ವಿಷಯ. ಗೊತ್ತಿತ್ತು. ನೀನು ಗೇಟು ತೆಗೆದ ರೀತೀಲೇ ಗೊತ್ತಾಯ್ತು. ಕುಶಲ ಕೇಳೋಕೆ ಬರೋನು ಗೇಟನ್ನ ಹಾಗೆ ತೆಗೆಯಲ್ಲ. ಹಾಗೆ ತೆಗೆಯೋನು ಒಂದೋ ಮನೆ ಖಾಲಿ ಮಾಡಿಸೋಕೆ ಬಂದಿರ್ತಾನೆ, ಇಲ್ಲಾ ಸಾವಿನ ಸುದ್ದಿ ತಂದಿರ್ತಾನೆ.

ನೋಡು, ನಾನೂ ಹಗ್ಗಾನೇ ತೊಡೆ ಮೇಲೆ ಹಾಕ್ಕೊಂಡು ಕೂತಿದ್ದೀನಿ. ಊಟ ಆದಾಗಿಂದ ಮೊಳ ಮೊಳ ಸವರಿ ನೋಡ್ತಾ ಇದ್ದೀನಿ. ಒಂದು ಎಳೆ ಕಿತ್ತಿಲ್ಲ. ನಾಳೆ ಗಿರಣಿಯ ಹಿಂಗೋಡೆ ಅಲ್ವಾ? ಒಂದು ಕಿಟಕಿ ಇಲ್ಲ, ಒಂದು ಸಜ್ಜಾ ಇಲ್ಲ, ಮೇಲಿಂದ ಕೆಳಗಿನ ತನಕ ಬೋಳು. ನೀನು ಜೋಕಾಲಿಯಲ್ಲಿ ಕೂತು ಬಣ್ಣ ಹಚ್ಚುತ್ತಾ ಇಳೀತಾ ಬರ್ತೀಯ. ನಾನು ಕೆಳಗೆ ಕಂಬಕ್ಕೆ ಎರಡು ಸುತ್ತು ಹಾಕಿ ಹಗ್ಗ ಹಿಡಿದಿರ್ತೀನಿ. ಅಷ್ಟೇ ತಾನೇ? ಇಷ್ಟು ವರ್ಷ ಮಾಡಿದ್ದೇ. ಇದರಲ್ಲಿ ಹೊಸದಾಗಿ ಮಾತಾಡೋಕೆ ಏನಿದೆ?

ಆ ಗಲ್ಲದ ಪಟ್ಟಿ ಇನ್ನೂ ತೆಗೆದಿಲ್ವಾ? ಹೊಲಿಗೆ ಎಳೆಯುತ್ತಾ? ಎಳೆದ್ರೆ ಎಳೀಲಿ, ಬಾಯಿ ತೆಗೆದು ಮಾತಾಡು. ಹಲ್ಲು ಕಚ್ಚಿಕೊಂಡು ಮಾತಾಡಿದ್ರೆ ಯಾರಿಗೆ ಅರ್ಥ ಆಗುತ್ತೆ?

ಹಾಂ, ಬಂದ್ಯಾ ಅಲ್ಲಿಗೆ? ಬರ್ತೀಯ ಅಂತ ಗೊತ್ತಿತ್ತು. ಆ ಗಲ್ಲ ಒಡೆದದ್ದು ನನ್ನ ತಪ್ಪಲ್ಲ. ಅವತ್ತೂ ಹೇಳಿದೆ, ಇವತ್ತೂ ಹೇಳ್ತೀನಿ. ಬ್ಯಾಂಕಿನ ಕಟ್ಟಡದಲ್ಲಿ ನಿನ್ನ ಕಾಲ ಕೆಳಗೆ ಯಾರೋ ಪುಣ್ಯಾತ್ಮ ಕಿಟಕಿ ಬಾಗಿಲು ಹೊರಕ್ಕೆ ತೆಗೆದ. ನೀನು ಹೆದರಿ ಕೂಗಿದೆ. ಏನಂತ ಕೂಗಿದೆ? "ಬಿಡಬೇಡ" ಅಂತ ಕೂಗಿದೆ. ನನಗೆ "ಬಿಡು" ಅಂತ ಕೇಳ್ಸ್ತು, ಬಿಟ್ಟೆ. ಜೋಕಾಲಿ ಇಳೀತು, ನಿನ್ನ ಗಲ್ಲ ಚೌಕಟ್ಟಿಗೆ ಬಡೀತು. ಯಾರ ತಪ್ಪು?

ತಲೆ ಅಲ್ಲಾಡಿಸಬೇಡ. ನಿಮ್ಮಪ್ಪ ಏನು ಕಲಿಸಿದ್ರು? ನಿನಗೆ ಬುದ್ಧಿ ಬರೋದಕ್ಕೆ ಮೊದಲೇ ನನಗೆ ಕಲಿಸಿದ್ರು. ಬ್ರಷ್ಷು ಹಿಡಿಯೋಕೆ ಮೊದಲು ಬಾಯಿ ಹಿಡಿಯೋದು ಕಲಿಸಿದ್ರು. "ಅಳಿಯಂದ್ರೇ, ಮೇಲಿದ್ದೋನ ಬಾಯಲ್ಲಿ ಬೇಡ ಅನ್ನೋ ಮಾತು ಬರಬಾರ್ದು. ಬೇಡ ಅನ್ನೋದು ಮಾತಿನ ಬಾಲದಲ್ಲಿ ಇರುತ್ತೆ. ಗಾಳಿ ನಾಯಿ ಇದ್ದ ಹಾಗೆ, ಮೊದಲು ಬಾಲಾನೇ ಕಚ್ಚೋದು. ಮೇಲಿದ್ದೋನು ಬಿಡಬೇಡ ಅಂತಾನೆ, ಕೆಳಗಿದ್ದೋನಿಗೆ ಬಿಡು ಅಂತ ಬರುತ್ತೆ, ಆಮೇಲೆ ಹೆಣ ಬರುತ್ತೆ." ಇಳಿಸಬೇಕಾ, ಬಿಡು. ನಿಲ್ಲಿಸಬೇಕಾ, ಹಿಡಿ. ಮುಗೀತು. ಮೂರನೇ ಮಾತಿಲ್ಲ. ಮೇಲೆ ನಿಂತು ಮೂರನೇ ಮಾತು ಆಡಿದೋನಿಗೆ ಕೆಳಗೆ ಬಂದಮೇಲೆ ಬೆನ್ನಿಗೆ ಬೀಳ್ತಿತ್ತು. ನನಗೂ ಬಿದ್ದಿದೆ. ಅಳಿಯ ಅಂತ ಬಿಡಲಿಲ್ಲ ಆ ಮನುಷ್ಯ.

ಅಂಥವರ ಮಗ ನೀನು. ಆ ಹೊತ್ತಿಗೆ ಬಾಯಿಗೆ ಬಂದದ್ದು ಬಿಡಬೇಡ!

ಏನು? ಹಿಡಿ ಅಂದ್ಯಾ? ಹಿಡಿ ಅಂತಲೇ ಕೂಗಿದ್ಯಾ? ಅಂದಿದ್ರೆ ನನಗೆ ಕೇಳಿಸ್ತಿರಲಿಲ್ವಾ?

ಯಾಕೆ ನಗ್ತೀಯ?

ನಗು. ಊರೆಲ್ಲ ನಗುತ್ತೆ, ಬಾಮೈದ ನಗೋದರಲ್ಲಿ ಏನು ದೊಡ್ಡದು. ಒಂದು ಕಿವಿ ಹೋಗಿದೆ, ಒಪ್ಪಿಕೊಂಡಿದ್ದೀನಿ. ಬಚ್ಚಿಟ್ಟಿದ್ದೀನಾ? ಎಡಗಿವಿ ಸತ್ತಿದೆ ಅಂತ ನಾನೇ ಎಲ್ಲರಿಗೂ ಹೇಳಿದ್ದೀನಿ. ಈಗ ಅದು ಕಿವಿ ಅಲ್ಲ, ಕನ್ನಡಕ ಸಿಕ್ಕಿಸೋ ಗೂಟ. ಆದ್ರೆ ಅದನ್ನ ಕಳ್ಕೊಂಡದ್ದು ನನ್ನ ತಪ್ಪಾ? ಜ್ವರ ಊರಿಗೆಲ್ಲ ಬಂತು. ನಿನಗೂ ಬಂತು, ನಿಮ್ಮಕ್ಕನಿಗೂ ಬಂತು. ನೀವೆಲ್ಲ ಮಲಗಿದ್ರಿ, ಬೆವರಿದ್ರಿ, ಎದ್ರಿ. ನನ್ನನ್ನೂ ಜ್ವರ ಬಿಟ್ಟು ಹೋಯ್ತು. ಹೋಗುವಾಗ... ಬಾಡಿಗೆಗೆ ಇದ್ದವರು ಮನೆ ಖಾಲಿ ಮಾಡುವಾಗ ಬಲ್ಬು ಬಿಚ್ಚಿಕೊಂಡು ಹೋಗ್ತಾರಲ್ಲ, ಹಾಗೆ ಒಂದು ಕಿವಿ ಬಿಚ್ಚಿಕೊಂಡು ಹೋಯ್ತು.

ಆ ಬೆಳಿಗ್ಗೆ ನೀನು ನೋಡಿಲ್ಲ. ನಿಮ್ಮಕ್ಕ ನೋಡಿದ್ದಾಳೆ. ಮಂಚದಿಂದ ಕಾಲು ಕೆಳಗಿಟ್ಟೆ, ನೆಲ ಎದ್ದು ಬಂದು ಮುಖಕ್ಕೆ ಹೊಡೀತು. ತಾರಸಿ ಗಿರಗಿರ ಓಡ್ತಾ ಇದೆ, ಮಂಚದ ಕಾಲು ತಬ್ಬಿಕೊಂಡು ಮಲಗಿದ್ದೀನಿ. ನಾನು! ಗೋಪುರದ ತುದೀಲಿ ಒಂದು ಕಾಲಲ್ಲಿ ನಿಂತು ಬೀಡಿ ಹಚ್ಚಿದೋನು! ಬಕೆಟ್ಟಿಗೆ ವಾಂತಿ ಮಾಡ್ಕೊಂಡು, ನೆಲ ಬಿಟ್ಟು ಹೋದ್ರೆ ಬೀಳ್ತೀನಿ ಅಂತ ನೆಲಾನೇ ಹಿಡ್ಕೊಂಡು... ಎಡಗಿವಿಯೊಳಗೆ ಸೀಟಿ. ಗಿರಣಿ ಸೀಟಿಯಾದ್ರೂ ನಿಲ್ಲುತ್ತೆ, ಇದು ನಿಲ್ಲಲ್ಲ.

ಮೊದಲನೇ ಡಾಕ್ಟ್ರು ಏನಂದ್ರು? ಫೋನಿನಲ್ಲಿ ಯಾರ ಜೊತೆಗೋ ಮಾತಾಡ್ತಾ ಅಂದ್ರು, "ವೈರಲ್ಲು. ನೆಗಡಿಗೆ ಕಿವಿ ಕಟ್ಟಿದೆ. ತಾನಾಗೇ ಬಿಡುತ್ತೆ." ಬಿಡ್ತು. ಕಿವಿಯೇ ಬಿಡ್ತು. ಆಮೇಲೆ ಕಿವಿ ಡಾಕ್ಟ್ರ ಹತ್ರ ಹೋದ್ರೆ ಅವರು, "ಅಯ್ಯೋ, ಮೊದಲೇ ಬರಬೇಕಿತ್ತು, ಆಗಲೇ ಮಾತ್ರೆ ಶುರು ಮಾಡಿದ್ರೆ ಏನಾದ್ರೂ ಉಳೀತಿತ್ತೇನೋ." ಅವರು ಒಳ್ಳೆಯವರು. ಚಿತ್ರ ತೋರಿಸಿ ಹೇಳಿದ್ರು. ಕಿವಿ ಒಳಗೆ ಒಂದು ಬಸವನಹುಳು, ಅದು ಕೇಳೋಕೆ. ಪಕ್ಕದಲ್ಲಿ ಮೂರು ಬಳೆ, ಅದರೊಳಗೆ ನೀರು, ಅದು ನೆಟ್ಟಗೆ ನಿಲ್ಲೋಕೆ. ನಾನು ಅಂದೆ, ನಮ್ಮ ಗಾರೆ ಮೇಸ್ತ್ರಿ ರಸಮಟ್ಟ ಇಟ್ಟು ಗುಳ್ಳೆ ನಡುವೆ ನಿಂತಿದೆಯಾ ಅಂತ ನೋಡ್ತಾರಲ್ಲ, ಹಾಗಾ ಡಾಕ್ಟ್ರೇ? ಅವರು, "ಹಾಗೇ ಅಂದ್ಕೊಳ್ಳಿ. ವೈರಸ್ಸು ಒಳಗೆ ಹೋಗಿ ಎರಡನ್ನೂ ಕೆಡಿಸಿದೆ." ಅಂದ್ರೆ ನನ್ನ ಗುಳ್ಳೆ ಒಂದು ಕಡೆ ಓಡಿ ಕೂತ್ಬಿಟ್ಟಿದೆ. ಕಣ್ಣಿಗೇ ಕಾಣದ ಹುಳ, ಆರಡಿ ಆಳನ್ನ ಓರೆ ಮಾಡಿ ಹೋಗಿದೆ.

ಆವತ್ತಿಂದ ಗೋಡೆ ಹಿಡ್ಕೊಂಡು ನಡೀತೀನಿ. ಬೀದೀಲಿ ಜನ ಪಕ್ಕಕ್ಕೆ ಸರೀತಾರೆ, ಬೆಳಿಗ್ಗೆ ಬೆಳಿಗ್ಗೇನೇ ಹಾಕ್ಕೊಂಡಿದ್ದಾನೆ ಅಂತ. ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದೋನಲ್ಲ ನಾನು. ಕುಡುಕನಿಗೆ ಕುಡಿದ ಸುಖವಾದ್ರೂ ಇರುತ್ತೆ, ನನಗೆ ಬರೀ ತೂರಾಟ. ಗೋಡೆಗೂ ಕಿವಿ ಇರುತ್ತೆ ಅಂತಾರಲ್ಲ... ಇಷ್ಟು ವರ್ಷ ಗೋಡೆಗಳಿಗೆ ಬಣ್ಣ ಬಳಿದೆ. ಒಂದು ಗೋಡೆಯಾದ್ರೂ ಒಂದು ಕಿವಿ ಸಾಲ ಕೊಡಬಾರ್ದಾ?

ಜೋಕಾಲಿಯಿಂದ ಇಳಿ ಅಂತ ಯಾರಾದ್ರೂ ನನಗೆ ಹೇಳಿದ್ರಾ? ನಾನಾಗೇ ಇಳಿದೆ. ತಲೆ ತಿರುಗೋನು ಮೇಲೆ ಹೋಗಬಾರ್ದು, ನ್ಯಾಯ. ಆದ್ರೆ ಹಗ್ಗ? ಹಗ್ಗ ಹಿಡಿಯೋಕೆ ಏನು ಬೇಕು? ಕಾಲು ಅಗಲಿಸಿ, ಕಂಬಕ್ಕೆ ಬೆನ್ನು ಕೊಟ್ಟು ನಿಂತರೆ ಭೂಮಿ ನನ್ನ ಪಾಡಿಗೆ ನನ್ನನ್ನ ಬಿಡುತ್ತೆ. ಆ ಕಂಬದ ಹತ್ರ ಮಾತ್ರ ಕಣೋ ನಾನು ಈಗ ನೆಟ್ಟಗೆ ನಿಲ್ಲೋದು. ಹಗ್ಗ ಕೈಯಲ್ಲಿದ್ರೆ ನೀನು ಮೇಲೆ ಏನು ಮಾಡ್ತೀಯ ಅಂತ ನೋಡದೇ ಹೇಳ್ತೀನಿ. ಬ್ರಷ್ಷು ಅದ್ದಿದೆ, ಎಡಕ್ಕೆ ವಾಲಿದೆ, ಕೆಮ್ಮಿದೆ... ಎಲ್ಲ ಅಂಗೈಗೆ ಬರುತ್ತೆ. ಹಗ್ಗ ಸುಳ್ಳು ಹೇಳಲ್ಲ.

ಅದೂ ಬೇಡ, ಬಲಗಿವಿ ಇದೆಯಲ್ಲ! ಚಾಕು ಇದ್ದ ಹಾಗಿದೆ ಅದು. ಒಂದು ಕಣ್ಣು ಹೋದೋನಿಗೆ ಇನ್ನೊಂದು ಚುರುಕಾಗಲ್ವಾ? ಪರೀಕ್ಷೆ ಮಾಡ್ತೀಯಾ? ಮಾಡು. ಮೆಲ್ಲಗೆ ಮಾತಾಡು. ಎಷ್ಟು ಮೆಲ್ಲಗೆ ಬೇಕಾದ್ರೂ ಮಾತಾಡು, ನಾನು ಉತ್ತರ ಹೇಳದಿದ್ರೆ ಕೇಳು. ಕೈ ಅಡ್ಡ ಇಟ್ಕೋಬೇಡ, ಅದು ಮೋಸ. ಮುಖ ಎತ್ತಿ ಮಾತಾಡು.

...ಹೂಂ. ಊಟ ಆಯ್ತಾ ಅಂತ ಕೇಳಿದೆ. ಆಯ್ತು. ಮುಂದೆ?

...ತಲೆ ಸುತ್ತೋದು ಹೇಗಿದೆ. ಇದೆ. ರಾತ್ರಿ ಮಗ್ಗುಲು ಬದಲಿಸಿದ್ರೆ ಇನ್ನೂ ತಾರಸಿ ಒಂದು ಸುತ್ತು ಹೊಡೆಯುತ್ತೆ. ಅಷ್ಟೇ. ಮುಂದೆ ಕೇಳು! ಇನ್ನೂ ಮೆಲ್ಲಗೆ ಕೇಳು!

...ನಿಮ್ಮಕ್ಕ ಏನಂತಾಳೆ ಅಂತ? ಏನಂತಾಳೆ, "ನನ್ನ ಮಾತು ಕಿವಿಗೇ ಹಾಕ್ಕೊಳ್ಳಲ್ಲ" ಅಂತಾಳೆ. ಯಾವ ಹೆಂಡತಿ ಹಾಗೆ ಅನ್ನಲ್ಲ? ಜ್ವರ ಬರೋಕೆ ಮೊದಲೂ ಅದೇ ಹಾಡು. ಅವಳು ಅಡುಗೆಮನೇಲಿ ಬೆನ್ನು ತಿರುಗಿಸಿಕೊಂಡು ಹೇಳಿದ್ದನ್ನೆಲ್ಲ ನಾನು... ಅದು ಬಿಡು. ನೋಡಿದ್ಯಾ? ಕೇಳಿದ್ದಕ್ಕೆಲ್ಲ ಉತ್ತರ ಬಂತಾ ಇಲ್ವಾ? ಇನ್ನೇನು ಸರ್ಟಿಫಿಕೇಟು ಬೇಕು ನಿನಗೆ?

ಏನೇ, ಯಾಕೆ ಹಾಗೆ ನಿಂತೆ ಬಾಗಿಲಲ್ಲಿ? ಕೈಯಲ್ಲಿ ಮುಚ್ಚಳ ಹಿಡ್ಕೊಂಡು? ಹಾಲು ಉಕ್ಕುತ್ತೆ, ಹೋಗು. ನಮ್ಮ ಗಂಡಸರ ಮಾತು ಇದು, ಕೆಲಸದ ಮಾತು.

ನೀನೂ ಅವಳ ಕಡೆ ತಿರುಗಿ ಏನು ಹೇಳ್ತಿದ್ದೀಯ? ನಾಳೆ ಹಗ್ಗ... ಭಾವ ಹಿಡೀತಾರೆ. ಹಾಂ! ಕೇಳಿದ್ಯೇನೇ? ನಿನ್ನ ತಮ್ಮನ ಬಾಯಿಂದಾನೇ ಬಂತು! ಭಾವಾನೇ ಹಿಡೀತಾರಂತೆ! ಅಲ್ಲ ಮಾರಾಯ, ಇದನ್ನ ಹೇಳೋಕೆ ಇಷ್ಟು ಹೊತ್ತು ಬೇಕಾಯ್ತಾ? ಬಂದವನೇ ಹೇಳಿದ್ರೆ ನಾನು ಇಷ್ಟೆಲ್ಲ ಬಾಯಿ ಬಡ್ಕೋತಿದ್ನಾ? ಟೀ ಇಡೇ, ಟೀ ಇಡು. ಕೋಪ ಬಂದು ಏನೇನೋ ಅಂದೆ, ಮನಸ್ಸಲ್ಲಿ ಇಟ್ಕೋಬೇಡ. ನಾಳೆ ಬೇಗ ಹೋಗೋಣ, ಬಿಸಿಲು ಆ ಗೋಡೆಗೆ ಬರೋಕೆ ಮೊದಲು ಅರ್ಧ ಇಳಿದುಬಿಡಬೇಕು. ರಾಟೆಗೆ ಎಣ್ಣೆ ನಾನೇ ಹಾಕ್ತೀನಿ. ನೀನು ಬರೀ...

ಏನು? ಯಾಕೆ ಇಬ್ಬರೂ ಹಾಗೆ ನೋಡ್ತೀರಿ?

ಏನಂದೆ? ಇನ್ನೊಂದ್ಸಲ ಹೇಳು. ಭಾವ ಅಲ್ಲ... ಮಾವ? ಮಾವ ಹಿಡೀತಾರೆ? ಯಾವ ಮಾವ? ನಿನ್ನ ಹೆಂಡತಿಯ ಅಪ್ಪನಾ?

ಓ.

ಓಹೋ. ನಾನು ಭಾವ ಅಂದ್ಕೊಂಡೆ. ಎರಡೂ ಒಂದೇ ಥರ ಕಾಣ್ಸ... ಕೇಳ್ಸುತ್ತೆ. ಯಾರಿಗಾದ್ರೂ ತಪ್ಪುತ್ತೆ ಅದು. ಎರಡು ಕಿವಿ ಇದ್ದೋನಿಗೂ ತಪ್ಪುತ್ತೆ.

ಮಾವ ಹಿಡೀತಾರೆ. ಬೇಕರಿ ಮಾವ! ಬನ್ನು ಮುಟ್ಟಿದ ಕೈ ಕಣೋ ಅದು. ಹಿಟ್ಟು ನಾದಿದ ಹಾಗೆ ಹಗ್ಗ ನಾದ್ತಾನೆ ಆ ಮನುಷ್ಯ! ಕಂಬಕ್ಕೆ ಒಂದು ಸುತ್ತು ಹಾಕಿ, ಸಾಕು ಬಿಡಪ್ಪ ಅಂತಾನೆ, ನೋಡ್ತಿರು. ನೊಣ ಹಾರಿದ್ರೆ ಎರಡೂ ಕೈ ಬಿಟ್ಟು ಓಡಿಸ್ತಾನೆ. ಅಭ್ಯಾಸ! ಅವನ ಕೈಯಲ್ಲಿ ನಿನ್ನ ಜೀವ ಕೊಡ್ತೀಯಾ? ನಕ್ಕೇ ಸಾಯ್ತೀನಿ ನಾನು. ಅವನಿಗೆ ಒಂದೇ ಅರ್ಹತೆ. ಹೇಳ್ಲಾ? ಎರಡು ಕಿವಿ. ಕತ್ತೆಗೂ ಇದೆ ಎರಡು ಕಿವಿ. ಉದ್ದ ಬೇರೆ.

ಮತ್ತೆ ನನಗೇನು ಕೆಲಸ? ಹೇಳು, ಅದನ್ನೂ ಹೇಳು. ...ಬಣ್ಣ ಕಲಸೋದು. ಕೂತ್ಕೊಂಡು. ನೆರಳಲ್ಲಿ. ಎಷ್ಟು ದಯ ನಿನಗೆ! ನಿನ್ನ ಕೈಗೆ ಮೊದಲ ಬ್ರಷ್ಷು ಕೊಟ್ಟೋನು ಡಬ್ಬದಲ್ಲಿ ಕೋಲಾಡಿಸ್ತಾ ಕೂರಬೇಕು. ಹೋಗೋ ಬರೋರು ಕಾಸು ಎಸೆಯೋ ಹಾಗೆ ಒಂದು ಬಟ್ಟೆ ಬೇಕಾದ್ರೂ ಹಾಸಿಬಿಡು ಮುಂದೆ.

ಆ ಕಂಬಾನೂ ತೆಗೆದ್ರೆ ನಾನು ಎಲ್ಲಿ ನಿಲ್ಲಲಿ?

...ಇಲ್ಲ, ಎದ್ದು ಹೋಗಬೇಡ. ಕೂತ್ಕೋ. ಬೈದದ್ದು ಬಿಡು. ನಾನೇ ನಿನ್ನ ಹತ್ರ ಬರ್ತೀನಿ. ತಡಿ... ಈ ಮೇಜು ಹಿಡ್ಕೊಂಡು... ಬೇಡ, ಕೈ ಕೊಡಬೇಡ, ಬರ್ತೀನಿ. ಹಾಂ. ಬಂದೆ. ಹೀಗೆ ನಿನ್ನ ಬೆನ್ನ ಮೇಲೆ ಕೈ ಇಡ್ತೀನಿ. ನೆನಪಿದೆಯಾ? ಮೊದಲ ಸಲ ಜೋಕಾಲಿ ಹತ್ತುವಾಗ ಹೀಗೇ ಇಟ್ಟಿದ್ದೆ. ಒದ್ದೆ ಕೋಳಿ ಥರ ನಡುಗ್ತಿದ್ದೆ ನೀನು. ನಿಮ್ಮಪ್ಪ ಆ ಕಡೆ ನಿಂತು ಬೈತಿದ್ರು. ನೀನು ನನ್ನ ಕಡೆ ತಿರುಗಿ, "ಭಾವ, ಹಗ್ಗ ನೀವೇ ಹಿಡೀಬೇಕು, ಬೇರೆ ಯಾರೂ ಬೇಡ" ಅಂದೆ. ಆ ಮಾತು ನಿನ್ನ ಬಾಯಿಂದ ನನ್ನ ಕಿವಿಗೆ ಬರೋಕೆ ಮೊದಲು ಬೆನ್ನಿಂದ ನನ್ನ ಅಂಗೈಗೆ ಬಂತು. ಗುಂಯ್ ಅಂತು ಬೆನ್ನು. ಇವತ್ತಿಗೂ ಇದೆ ಇಲ್ಲಿ, ಈ ಅಂಗೈಯಲ್ಲಿ.

ಅದೇ ಮಾತು ಇನ್ನೊಂದ್ಸಲ ಹೇಳು. ಬೇಡ ಅನ್ನೋದಾದ್ರೆ ಬೇಡ ಅಂತಲೇ ಹೇಳು. ಆದ್ರೆ ನನ್ನ ಮುಖ ನೋಡಿ ಹೇಳು.

...ಹೂಂ. ಹೇಳ್ತಿದ್ದೀಯ. ತುಟಿ ಆಡ್ತಿದೆ. ಆಗಲ್ಲ ಭಾವ, ಅಂತ. ಭಯ ಆಗುತ್ತೆ, ಅಂತ. ಮಕ್ಕಳಿದ್ದಾರೆ, ಅಂತ...

ನಿನ್ನ ಬೆನ್ನು ಯಾಕೆ ಸುಮ್ಮನಿದೆ?

ಇನ್ನೊಂದ್ಸಲ ಹೇಳು. ಜೋರಾಗಿ ಹೇಳು.

ತುಟಿ ಆಡ್ತಿದೆ. ಬೆನ್ನು ಗೋಡೆ ಥರ ಇದೆ.

ಧ್ವನಿ ಎಲ್ಲಿ? ...ಧ್ವನಿ ತೆಗೀತಾನೇ ಇಲ್ಲ ನೀನು. ಬರೀ ತುಟಿ ಆಡಿಸ್ತಿದ್ದೀಯ.

ಯಾವಾಗಿಂದ? ಮೆಲ್ಲಗೆ ಮಾತಾಡು ಅಂದೆನಲ್ಲ, ಆಗಿಂದ್ಲಾ? ಊಟ ಆಯ್ತಾ ಅಂದದ್ದು? ಮಾವ ಅಂದದ್ದು? ಎಲ್ಲ... ಒಂದಕ್ಕೂ ಧ್ವನಿ ಇರಲಿಲ್ವಾ? ಅದಕ್ಕೇ ಅವಳು ಮುಚ್ಚಳ ಹಿಡ್ಕೊಂಡು ಕಲ್ಲಾಗಿ ನಿಂತಿದ್ದು. ಅವಳಿಗೆ ಕೇಳಿಸಿದ್ದು ನನ್ನೊಬ್ಬನ ಗಂಟಲು. ಈ ಮನೇಲಿ ಇಷ್ಟು ಹೊತ್ತೂ ನಾನೊಬ್ಬನೇ ಮಾತಾಡಿದ್ದು.

ಮೆಲ್ಲಗೆ ಅಂದೆ ಕಣೋ. ಅಷ್ಟು ಮೆಲ್ಲಗೆ ಅಂದ್ನಾ ನಾನು?

ಅಳಬೇಡ ಕಣೇ. ಕೈ ತೆಗಿ ಬಾಯಿಂದ. ನೀನು ಬಾಯಿ ಮುಚ್ಕೊಂಡು ಅತ್ರೆ ಏನು ಹೇಳ್ತೀಯ ಅಂತ ನನಗೆ ಹೇಗೆ ಗೊತ್ತಾಗ್ಬೇಕು?

ಹೂಂ. ಬಲಗಿವೀನೂ ಹೋಯ್ತು. ಎಡದ್ದು ಗಲಾಟೆ ಮಾಡ್ಕೊಂಡು ಹೋಯ್ತು, ಇದು ಹೇಳದೆ ಹೋಯ್ತು. ದಿನಾ ಸ್ವಲ್ಪ ಸ್ವಲ್ಪ, ಗೋಡೆ ಬಣ್ಣ ಮಾಸೋ ಹಾಗೆ. ಬ್ಯಾಂಕಿನ ಹತ್ರ ನೀನು ಏನು ಕೂಗಿದೆಯೋ ನನಗೆ ಗೊತ್ತಿಲ್ಲ. ಹಗ್ಗ ಅಲುಗಿತು, ಇಳಿಸೋಕೆ ಅಂದಿರಬೇಕು ಅಂತ ಬಿಟ್ಟೆ. ಹಿಡಿ ಅಂತಲೇ ಅಂದಿರ್ತೀಯ. ನಿಮ್ಮಪ್ಪ ಕಲಿಸಿದ ಹಾಗೇ ಅಂದಿರ್ತೀಯ.

...

ಆ ಹಗ್ಗದ ತುದಿ ಯಾಕೆ ಎತ್ಕೊಂಡೆ?

ಏನಂದೆ? ಈಗ ಧ್ವನಿ ಇತ್ತಾ ಇಲ್ವಾ, ಅದೂ ಗೊತ್ತಾಗಲಿಲ್ಲ ನೋಡು. ಹಿಡಿ ಅಲ್ಲ, ಅಷ್ಟು ಗೊತ್ತು. ಹಿಡಿಗೆ ತುಟಿ ಕೂಡಲ್ಲ. ನಿನ್ನ ತುಟಿ ಎರಡು ಸಲ ಕೂಡಿತು. "ಬಿಡು ಭಾವ" ಅಂದ್ಯಾ? "ಬಿಡಬೇಡ" ಅಂದ್ಯಾ? ಎರಡಕ್ಕೂ ಎರಡೇ ಸಲ ಕೂಡೋದು. ನಿಮ್ಮಪ್ಪ ಗಾಳಿಗೆ ಹೆದರಿದ್ರು. ಇಲ್ಲಿ ಗಾಳಿಯೂ ಇಲ್ಲ.

ಬೇಡ. ಇನ್ನೊಂದ್ಸಲ ಹೇಳಬೇಡ. ನಾನು ನಿನ್ನ ಮುಖಾನೂ ನೋಡಲ್ಲ. ಈ ತುದಿ ನನ್ನ ಕೈಯಲ್ಲಿದೆ, ಹಗ್ಗಾನೇ ಹೇಳ್ಲಿ.

...

ಎಳೆದೆ.

ಮೆಲ್ಲಗೇ ಎಳೆದೆ ನೀನು, ನನ್ನ ಕೈಯಿಂದ.

ತಗೋ, ಬಿಟ್ಟೆ. ಕಂಬಕ್ಕೆ ಎರಡು ಸುತ್ತು ಹಾಕೋಕೆ ಹೇಳು, ಆ ಬೇಕರಿಯವನಿಗೆ.